ಆಡದವರನ್ನು ಹುಡುಕಿ ಹೊರಟ ಆಟದ ಕಂಪನಿ



ತೊಂಬತ್ತರ ದಶಕದಲ್ಲಿ ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಕಡೆ ಬೆಳೆದವರಿಗೆ ಮಾರಿಯೋ ಹೊಸಬನೇನಲ್ಲ. ಟೀವಿಯ ಹಿಂದೆ ವೈರು ಸಿಕ್ಕಿಸಿ, ಪೆಟ್ಟಿಗೆಯ ಬಾಯಿಗೆ ಕ್ಯಾಸೆಟ್ಟು ತುರುಕಿ, ಚಿತ್ರ ಬರದಿದ್ದರೆ ಅದನ್ನು ಹೊರಗೆಳೆದು ಉಫ್ ಎಂದು ಊದಿ ಮತ್ತೆ ಹಾಕಿ, ಕೆಂಪು ಟೋಪಿಯ ಆ ಮೀಸೆಯವನನ್ನು ಹಳ್ಳ ದಾಟಿಸಿದವರು ಈಗ ಮಕ್ಕಳೊಂದಿಗರಾಗಿದ್ದಾರೆ. ಅಂದು ನಮ್ಮ ಊರುಗಳಿಗೆ ಬಂದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ನಕಲು. ಅಸಲು ಯಂತ್ರ ಜಪಾನಿನದು. ಮಾಡಿದವರು ಕ್ಯೋಟೋ ನಗರದ ನಿಂಟೆಂಡೊ ಕಂಪನಿಯವರು. ಆಟ ಊರೂರಿಗೆ ಬಂತು, ಮಾಡಿದವರ ಹೆಸರು ಮಾತ್ರ ಬರಲಿಲ್ಲ.

ಆ ಕಂಪನಿ ಒಮ್ಮೆ ಪ್ರಪಂಚದ ಆಟದ ಮಾರುಕಟ್ಟೆಯ ದೊಡ್ಡ ಪಾಲನ್ನು ಕೈಯಲ್ಲಿಟ್ಟುಕೊಂಡಿತ್ತು. ಆಮೇಲೆ ಅದನ್ನು ಕಳೆದುಕೊಂಡಿತು. ಕಳೆದುಕೊಂಡದ್ದನ್ನು ಎರಡು ಸಲ ಮರಳಿ ಪಡೆಯಿತು. ಇವತ್ತಿನ ನನ್ನ ಮಾತು ಆ ಮರಳುವಿಕೆಯ ಕುರಿತು. ಗೆದ್ದವರ ಕಥೆ ಕೇಳಲು ಚೆಂದ. ಆದರೆ ಸೋತ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆ ಅಂಗಡಿ ಇಟ್ಟವರಿಗೂ, ಬೆಳೆ ಬೆಳೆಯುವವರಿಗೂ, ಕಸುಬುದಾರರಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಅದಕ್ಕೆ ಈ ಆಟದ ಕಂಪನಿ ಕೊಟ್ಟ ಉತ್ತರವನ್ನು ನಾವು ಗಂಭೀರವಾಗಿ ನೋಡಬೇಕು.

ಮೊದಲು ಹಿನ್ನೆಲೆ ಸ್ವಲ್ಪ. 1889ರ ಸೆಪ್ಟೆಂಬರಿನಲ್ಲಿ ಫುಸಾಜಿರೊ ಯಮಾಉಚಿ ಎಂಬವರು ಕ್ಯೋಟೋದಲ್ಲಿ ಇಸ್ಪೀಟಿನ ಎಲೆ ಮಾಡುವ ಅಂಗಡಿ ತೆರೆದರು. ಹೂವಿನ ಚಿತ್ರಗಳ ಆ ಎಲೆಗಳಿಗೆ ಹನಾಫುಡ ಎಂದು ಹೆಸರು. ಜೂಜುಕೋರರೇ ಅವುಗಳ ದೊಡ್ಡ ಗಿರಾಕಿಗಳು. ನಮ್ಮ ಮೈಸೂರಿಗೂ ಇಂಥ ಎಲೆಗಳ ಪರಂಪರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಬಗೆಬಗೆಯ ಗಂಜೀಫಾ ಆಟಗಳನ್ನು ರೂಪಿಸಿದರು, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರ ಬರೆಸಿದರು. ನಮ್ಮ ಗಂಜೀಫಾ ಆಡುವ ಕೈಗಳಿಂದ ಜಾರಿ ಕಲಾವಿದರ ಕುಂಚಕ್ಕೂ ಸಂಗ್ರಹಾಲಯಗಳ ಗೋಡೆಗೂ ಸೇರಿತು. ಕ್ಯೋಟೋದ ಎಲೆಗಳು ಕಾರ್ಖಾನೆಯ ದಾರಿ ಹಿಡಿದವು.

1949ರಲ್ಲಿ ಸಂಸ್ಥಾಪಕರ ಮರಿಮಗ ಹಿರೋಶಿ ಯಮಾಉಚಿ ಇಪ್ಪತ್ತೆರಡನೆಯ ವಯಸ್ಸಿಗೇ ಕಂಪನಿಯ ಚುಕ್ಕಾಣಿ ಹಿಡಿದರು. ಇಸ್ಪೀಟು ಎಷ್ಟು ದಿನ ಅನ್ನ ಹಾಕೀತು ಎಂಬ ಚಿಂತೆಯಲ್ಲಿ ಟ್ಯಾಕ್ಸಿ ಓಡಿಸಿದರು, ಬಿಸಿನೀರು ಹಾಕಿದರೆ ತಿನ್ನಬಹುದಾದ ಅನ್ನದ ಪೊಟ್ಟಣ ಮಾರಿದರು. ಯಾವುದೂ ನಿಲ್ಲಲಿಲ್ಲ. ಅಷ್ಟರಲ್ಲಿ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಗುನ್‌ಪೇ ಯೊಕೊಯ್ ಎಂಬ ಯುವಕ ಬಿಡುವಿನಲ್ಲಿ ತಾನೇ ಒಂದು ಆಟಿಕೆ ಮಾಡಿಕೊಂಡಿದ್ದ. ಹಿಡಿ ಒತ್ತಿದರೆ ಉದ್ದಕ್ಕೆ ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುವ ಕೈ. ಯಜಮಾನರು ಕಂಡು ಬೈಯಲಿಲ್ಲ, ಮಾರಾಟಕ್ಕೆ ಇಡೋಣ ಎಂದರು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಬಂದ ಅದು ಹತ್ತು ಲಕ್ಷಕ್ಕೂ ಮೀರಿ ಹೋಯಿತು.

ಈ ಯೊಕೊಯ್ ಮುಂದೆ ಕಂಪನಿಗೆ ಒಂದು ತತ್ತ್ವವನ್ನೇ ಕೊಟ್ಟರು. ಹೊಚ್ಚ ಹೊಸ ತಂತ್ರಜ್ಞಾನದ ಹಿಂದೆ ಓಡಬೇಡಿ. ಹಳತಾಗಿ, ಅಗ್ಗವಾಗಿ, ಎಲ್ಲರಿಗೂ ಚೆನ್ನಾಗಿ ಅರ್ಥವಾದದ್ದನ್ನು ಎತ್ತಿಕೊಂಡು ಯಾರೂ ಯೋಚಿಸದ ಕೆಲಸಕ್ಕೆ ಹಚ್ಚಿ ಎಂದು. 1989ರಲ್ಲಿ ಅವರ ತಂಡ ತಂದ ಗೇಮ್ ಬಾಯ್ ಈ ಮಾತಿನ ಸಾಕ್ಷಿ. ಅದರ ಪರದೆಗೆ ಬಣ್ಣವೇ ಇರಲಿಲ್ಲ. ಸೆಗಾ, ಅಟಾರಿ ಕಂಪನಿಗಳ ಕೈಯಂತ್ರಗಳಲ್ಲಿ ಬಣ್ಣ ಮಿನುಗುತ್ತಿತ್ತು, ಆದರೆ ಅವು ಆರು ಸೆಲ್ಲುಗಳನ್ನು ಕೆಲವೇ ಗಂಟೆಯಲ್ಲಿ ನುಂಗಿಬಿಡುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಅವುಗಳಿಗಿಂತ ಎಷ್ಟೋ ಹೆಚ್ಚು ಹೊತ್ತು ಬಾಳಿತು. ಬೆಲೆಯೂ ಕಡಿಮೆ. ಅದರ ಬಣ್ಣದ ಮಾದರಿಯೂ ಸೇರಿ ಒಟ್ಟು 11 ಕೋಟಿ 86 ಲಕ್ಷ ಮಾರಾಟವಾಯಿತು.

ಮನೆಯ ಟೀವಿಗೆ ಜೋಡಿಸುವ ಫ್ಯಾಮಿಕಾಮ್ ಜಪಾನಿನಲ್ಲಿ 1983ರಲ್ಲಿ ಬಂದಿತ್ತು. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದು ಬಿದ್ದಿತ್ತು. ಕಳಪೆ ಆಟಗಳ ರಾಶಿ ಅಂಗಡಿಗಳಲ್ಲಿ ಕೊಳೆಯುತ್ತಿತ್ತು. ಆ ಅಂಗಡಿಯವರ ಮನವೊಲಿಸಿ 1985ರಲ್ಲಿ ನಿಂಟೆಂಡೊ ಅಲ್ಲಿಗೆ ಕಾಲಿಟ್ಟಿತು. ಜಗತ್ತಿನಾದ್ಯಂತ ಆ ಯಂತ್ರ 6 ಕೋಟಿ 19 ಲಕ್ಷ ಮನೆಗಳಿಗೆ ಹೋಯಿತು. ಶಿಗೆರು ಮಿಯಾಮೊಟೊ ರೂಪಿಸಿದ ಮಾರಿಯೋ ಲೋಕದ ಮಕ್ಕಳಿಗೆಲ್ಲ ಗೆಳೆಯನಾದ.

ಬೀಳುವಿಕೆಯ ಬೀಜ ಬಿದ್ದದ್ದು 1991ರಲ್ಲಿ. ಮುಂದಿನ ಯಂತ್ರಕ್ಕೆ ಸಿಡಿ ಅಳವಡಿಸಲು ನಿಂಟೆಂಡೊ ಸೋನಿಯ ಜೊತೆ ಕೈಜೋಡಿಸಿತ್ತು. ಸೋನಿ ತನ್ನ ಯಂತ್ರವನ್ನು ಅಮೆರಿಕದ ಮೇಳದಲ್ಲಿ ಪ್ರಕಟಿಸಿದ ಮರುದಿನವೇ ನಿಂಟೆಂಡೊ ಅದೇ ಮೇಳದಲ್ಲಿ ತಾನು ಫಿಲಿಪ್ಸ್ ಜೊತೆ ಹೋಗುವುದಾಗಿ ಸಾರಿತು. ತುಂಬಿದ ಸಭೆಯಲ್ಲಿ ಆದ ಆ ಅವಮಾನ ಸೋನಿಗೆ ನಾಟಿತು. ಅಲ್ಲಿಯ ಎಂಜಿನಿಯರ್ ಕೆನ್ ಕುತರಾಗಿ ಹಟ ಹಿಡಿದು ಸ್ವಂತ ಯಂತ್ರವನ್ನೇ ಕಟ್ಟಿದರು. 1994ರ ಡಿಸೆಂಬರ್ 3ರಂದು ಪ್ಲೇಸ್ಟೇಷನ್ ಜಪಾನಿನ ಅಂಗಡಿಗೆ ಬಂತು.

ಸಿಡಿ ಅಗ್ಗ, ಒಂದರಲ್ಲಿ 650 ಮೆಗಾಬೈಟ್ ಹಿಡಿಯುತ್ತದೆ. ನಿಂಟೆಂಡೊ 1996ರ ತನ್ನ ಯಂತ್ರಕ್ಕೂ ಕ್ಯಾಸೆಟ್ಟನ್ನೇ ನೆಚ್ಚಿಕೊಂಡಿತು. ಅದರ ಅತಿ ದೊಡ್ಡ ಕ್ಯಾಸೆಟ್ಟಿನಲ್ಲೂ 64 ಮೆಗಾಬೈಟ್‌ಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ, ಮಾಡುವ ಖರ್ಚೂ ಜಾಸ್ತಿ. ಅದುವರೆಗೆ ನಿಂಟೆಂಡೊಗಾಗಿ ಆಟ ಬರೆಯುತ್ತಿದ್ದ ಹೊರಗಿನ ಕಂಪನಿಗಳು ಒಂದೊಂದಾಗಿ ಸೋನಿಯ ಕಡೆ ನಡೆದವು. 1997ರಲ್ಲಿ ಫೈನಲ್ ಫ್ಯಾಂಟಸಿಯ ಏಳನೆಯ ಆಟ ಮೂರು ಸಿಡಿ ತುಂಬಿಕೊಂಡು ಪ್ಲೇಸ್ಟೇಷನ್ನಿಗೆ ಬಂದಾಗ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಎಲ್ಲರಿಗೂ ತಿಳಿಯಿತು. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಮುಂದೆ 16 ಕೋಟಿ ದಾಟಿತು. 2001ರಲ್ಲಿ ಮೈಕ್ರೋಸಾಫ್ಟ್ ಕೂಡ ಎಕ್ಸ್‌ಬಾಕ್ಸ್ ಹೊತ್ತು ಕಣಕ್ಕಿಳಿಯಿತು.

ನಿಂಟೆಂಡೊ ಟೀವಿ ಯಂತ್ರಗಳ ಮಾರಾಟವನ್ನು ಸಾಲಾಗಿ ಇಟ್ಟು ನೋಡಿ. ಮೊದಲನೆಯದು 6 ಕೋಟಿ 19 ಲಕ್ಷ. ಎರಡನೆಯದು 4 ಕೋಟಿ 91 ಲಕ್ಷ. ಮೂರನೆಯದು 3 ಕೋಟಿ 29 ಲಕ್ಷ. ನಾಲ್ಕನೆಯದು, 2001ರ ಗೇಮ್‌ಕ್ಯೂಬ್, 2 ಕೋಟಿ 17 ಲಕ್ಷ. ಒಂದೊಂದು ತಲೆಮಾರಿಗೂ ಒಂದೊಂದು ಮೆಟ್ಟಿಲು ಕೆಳಗೆ. ಇನ್ನು ಯಂತ್ರ ಮಾಡುವುದು ಬಿಟ್ಟು, ಬೇರೆಯವರ ಯಂತ್ರಕ್ಕೆ ಮಾರಿಯೋ ಆಟ ಬರೆದುಕೊಂಡಿರುವುದೇ ಲೇಸು ಎಂದು ಸಲಹೆ ಕೊಡುವವರು ಹುಟ್ಟಿಕೊಂಡರು. ಎದುರಾಳಿ ಸೆಗಾ ಕಂಪನಿ 2001ರಲ್ಲಿ ಹಾಗೆಯೇ ಮಾಡಿತ್ತು.

2002ರಲ್ಲಿ ಯಮಾಉಚಿ ಹುದ್ದೆ ಬಿಟ್ಟುಕೊಟ್ಟರು. ಅಲ್ಲಿಯವರೆಗೆ ಮನೆತನದಲ್ಲೇ ಇದ್ದ ಗಾದಿಗೆ ಹೊರಗಿನವರೊಬ್ಬರನ್ನು ಕೂರಿಸಿದರು. ಅವರೇ ಸತೊರು ಇವಾಟ. ಕೋಡ್ ಬರೆಯುತ್ತಲೇ ಬೆಳೆದವರು. ಹಾಲ್ ಲ್ಯಾಬೊರೇಟರಿ ಎಂಬ ಚಿಕ್ಕ ಕಂಪನಿ ಸಾಲದಲ್ಲಿ ಮುಳುಗಿದ್ದಾಗ 1993ರಲ್ಲಿ ಅದರ ಹೊಣೆ ಹೊತ್ತು, ಪ್ರತಿಯೊಬ್ಬ ನೌಕರನ ಜೊತೆ ಕುಳಿತು ಮಾತಾಡಿ, ಸಾಲ ತೀರಿಸಿ ಮೇಲೆತ್ತಿದವರು.

ಇವಾಟ ಕಂಡದ್ದು ಸೋನಿಯ ಬಲಕ್ಕಿಂತ ದೊಡ್ಡ ಸಂಗತಿ. ಆಟಗಳು ವರ್ಷದಿಂದ ವರ್ಷಕ್ಕೆ ಜಟಿಲವಾಗುತ್ತಿದ್ದವು. ಹಿಡಿಗೋಲಿನಲ್ಲಿ ಗುಂಡಿಗಳು ಹೆಚ್ಚುತ್ತಿದ್ದವು. ಮೊದಲಿಂದ ಆಡಿದವರಿಗೆ ಅದು ಸೈ. ಉಳಿದವರು ಅದನ್ನು ಮುಟ್ಟಲೂ ಅಂಜುತ್ತಿದ್ದರು. ಜಪಾನಿನಲ್ಲಿ ಆಡುವವರ ಸಂಖ್ಯೆಯೇ ಕರಗುತ್ತಿತ್ತು. ಹಾಗಿರುವಾಗ ಇನ್ನಷ್ಟು ವೇಗದ ಚಿಪ್ಪು, ಇನ್ನಷ್ಟು ಮಿರುಗುವ ಚಿತ್ರ ಎಂದು ಸೋನಿಯ ಜೊತೆ ಪೈಪೋಟಿಗೆ ಬಿದ್ದರೆ, ಗೆದ್ದರೂ ಸಿಗುವುದು ಕುಗ್ಗುತ್ತಿರುವ ಕೆರೆಯೇ.

ಇಲ್ಲಿ ನನಗೆ ನಮ್ಮ ತಾಳಗುಂದದ ಕಂಬ ನೆನಪಾಗುತ್ತದೆ. ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಆ ಸ್ತಂಭಶಾಸನವನ್ನು ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ರಚಿಸಿದ. ಕದಂಬ ವಂಶ ಕಟ್ಟಿದ ಮಯೂರಶರ್ಮ ಈ ಊರಿನಿಂದ ಓದಲೆಂದು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಅವಮಾನಗೊಂಡು ಕತ್ತಿ ಹಿಡಿದದ್ದು ನಮಗೆಲ್ಲ ಗೊತ್ತು. ಆದರೆ ಅವನು ಗೆದ್ದ ಬಗೆಯನ್ನು ಕುಬ್ಜ ಎಷ್ಟು ಸ್ಪಷ್ಟವಾಗಿ ಹೇಳಿದ್ದಾನೆ ಎಂಬುದರತ್ತ ನಮ್ಮ ಗಮನ ಹೋಗುವುದು ಕಡಿಮೆ. ಪಲ್ಲವರ ಬಲವಿದ್ದದ್ದು ಕಂಚಿಯಲ್ಲಿ. ಮಯೂರಶರ್ಮ ಕಂಚಿಯನ್ನು ಮುತ್ತಲಿಲ್ಲ. ಗಡಿಯ ಕಾವಲುಗಾರರನ್ನು ಸೋಲಿಸಿ, ಯಾರೂ ಸುಲಭವಾಗಿ ನುಗ್ಗಲಾರದ ಶ್ರೀಪರ್ವತದ ಕಾಡನ್ನು ನೆಲೆ ಮಾಡಿಕೊಂಡ. ಬಾಣ ಅರಸರಿಂದ ಕಪ್ಪ ಎತ್ತಿದ. ಪಲ್ಲವ ಸೇನೆ ಹುಡುಕಿಕೊಂಡು ಬಂದಾಗ ರಾತ್ರಿಯ ಹೊತ್ತು, ಅವರಿಗೆ ಗುರುತಿಲ್ಲದ ದುರ್ಗಮ ತಾಣಗಳಲ್ಲಿ ಮೇಲೆ ಬಿದ್ದ. ಕೊನೆಗೆ ಪಲ್ಲವರೇ ಸ್ನೇಹ ಬೆಳೆಸಿ, ಪಡುವಣ ಕಡಲಿನಿಂದ ಪ್ರೇಹರದವರೆಗಿನ ನೆಲಕ್ಕೆ ಅವನ ಒಡೆತನವನ್ನು ಒಪ್ಪಿದರು. ಎದುರಾಳಿಯ ಬಲ ಎಲ್ಲಿ ಕೆಲಸಕ್ಕೆ ಬರುವುದಿಲ್ಲವೋ ಅಲ್ಲಿ ತನ್ನ ನೆಲೆ ಹುಡುಕಿಕೊಂಡವನು ಅವನು. ಸಾವಿರದ ಆರುನೂರು ವರ್ಷ ಕಳೆದ ಮೇಲೆ ಕ್ಯೋಟೋದವರು ತಮ್ಮ ಕಾಡನ್ನು ಹುಡುಕಿಕೊಂಡರು. ಅವರಿಗೆ ಅದು ಸಿಕ್ಕಿದ್ದು ಮನೆಮನೆಯ ಅಡುಗೆಕೋಣೆಯಲ್ಲಿ, ಅಜ್ಜ ಅಜ್ಜಿಯರ ಪಡಸಾಲೆಯಲ್ಲಿ.

ಮೊದಲ ಹೆಜ್ಜೆ 2004ರ ಕೊನೆಯಲ್ಲಿ ಬಂದ ಡಿಎಸ್ ಎಂಬ ಕೈಯಂತ್ರ. ಎರಡು ಪರದೆ; ಕೆಳಗಿನದನ್ನು ಕಡ್ಡಿಯಿಂದ ಮುಟ್ಟಿ ಬರೆಯಬಹುದು. ಅದೇ ಡಿಸೆಂಬರಿನಲ್ಲಿ ಸೋನಿಯ ಪಿಎಸ್‌ಪಿ ಬಂತು, ಚಿತ್ರದ ಹೊಳಪಿನಲ್ಲಿ ಅದೇ ಎಷ್ಟೋ ಮೇಲು. 2005ರ ಮೇ ತಿಂಗಳಲ್ಲಿ ನಿಂಟೆಂಡೊ ಒಂದು ವಿಚಿತ್ರ ಆಟ ತಂದಿತು. ತೊಹೊಕು ವಿಶ್ವವಿದ್ಯಾಲಯದ ಮಿದುಳು ವಿಜ್ಞಾನಿ ರ್ಯುತ ಕವಾಶಿಮ ಅವರ ಪುಸ್ತಕವನ್ನು ಆಧರಿಸಿದ ಅದರಲ್ಲಿ ರಾಕ್ಷಸರಿಲ್ಲ, ಬಂದೂಕಿಲ್ಲ. ಯಂತ್ರವನ್ನು ಪುಸ್ತಕದಂತೆ ಹಿಡಿದು ಕೂಡುವ ಕಳೆಯುವ ಲೆಕ್ಕ ಮಾಡಬೇಕು, ಗಟ್ಟಿಯಾಗಿ ಓದಬೇಕು. ಅಂಥ ಅಭ್ಯಾಸದಿಂದ ಬುದ್ಧಿ ಚುರುಕಾಗುತ್ತದೆ ಎಂಬುದನ್ನು ಮುಂದೆ ಹಲವು ವಿಜ್ಞಾನಿಗಳು ಪ್ರಶ್ನಿಸಿದರು, ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದುವರೆಗೆ ಆಟದ ಅಂಗಡಿಯ ಹೊಸ್ತಿಲು ತುಳಿಯದಿದ್ದ ಹಿರಿಯರು ಅಂಗಡಿಗೆ ಬಂದರು. ಡಿಎಸ್ ಒಟ್ಟು 15 ಕೋಟಿ 40 ಲಕ್ಷ ಮಾರಾಟವಾಯಿತು. ಪಿಎಸ್‌ಪಿ 8 ಕೋಟಿಯ ಆಸುಪಾಸಿನಲ್ಲಿ ನಿಂತಿತು.

ಎರಡನೆಯ ಹೆಜ್ಜೆ 2006ರ ನವೆಂಬರ್ 19ರಂದು ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದ ವೀ. ಇವಾಟ ಮತ್ತು ಅವರ ತಂಡದವರು ಮನೆಯೊಳಗಿನ ಒಂದು ಸಂಗತಿಯನ್ನು ಗಮನಿಸಿದ್ದರು. ಟೀವಿಯ ರಿಮೋಟನ್ನು ಮನೆಮಂದಿಯೆಲ್ಲ ಕೈಗೆತ್ತಿಕೊಳ್ಳುತ್ತಾರೆ, ಆಟದ ಹಿಡಿಗೋಲನ್ನು ಮಾತ್ರ ಒಬ್ಬಿಬ್ಬರೇ ಮುಟ್ಟುತ್ತಾರೆ. ಹಾಗಾದರೆ ಹಿಡಿಗೋಲೂ ರಿಮೋಟಿನಂತೆಯೇ ಇರಲಿ ಎಂದರು. ಅದನ್ನು ಬೀಸಿದರೆ ಪರದೆಯ ಮೇಲೆ ಟೆನಿಸ್ ಬ್ಯಾಟು ಬೀಸಬೇಕು, ಕೈ ಹಿಂದೆ ಒಯ್ದು ಮುಂದೆ ತಂದರೆ ಬೌಲಿಂಗ್ ಚೆಂಡು ಉರುಳಬೇಕು.

ಇದರ ಒಳಗಿನ ಕೆಲಸ ತಿಳಿಯಬೇಕಾದದ್ದು. ರಿಮೋಟಿನಲ್ಲಿ ಒಂದು ಪುಟ್ಟ ಸಿಲಿಕಾನ್ ಚಿಪ್ಪಿದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂಕವೊಂದು ಸಿಲಿಕಾನಿನದೇ ಸ್ಪ್ರಿಂಗುಗಳ ಮೇಲೆ ತೂಗಾಡುತ್ತದೆ. ಕೈ ಬೀಸಿದಾಗ ತೂಕ ಜರುಗುತ್ತದೆ, ಅದರ ಸುತ್ತ ವಿದ್ಯುತ್ ಹಿಡಿದಿಡುವ ಸಾಮರ್ಥ್ಯ ಬದಲಾಗುತ್ತದೆ. ಆ ಬದಲಾವಣೆಯಿಂದ ಕೈ ಯಾವ ಕಡೆಗೆ ಎಷ್ಟು ಜೋರಾಗಿ ಹೋಯಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ರಿಮೋಟಿನ ಮೂತಿಯಲ್ಲಿ ಒಂದು ಕ್ಯಾಮೆರಾ. ಟೀವಿಯ ಮೇಲಿಟ್ಟ ಪಟ್ಟಿಯ ಎರಡು ತುದಿಯ ಅವಗೆಂಪು ಬೆಳಕನ್ನು ನೋಡಿ ಅದು ಎತ್ತ ಗುರಿಯಿಟ್ಟಿದೆ ಎಂದು ತಿಳಿಯುತ್ತದೆ. ಈ ಬಗೆಯ ಚಲನೆ ಅಳೆಯುವ ಚಿಪ್ಪು ಕಾರಿನ ಏರ್‌ಬ್ಯಾಗ್ ಬಿಚ್ಚಿಸಲು ತೊಂಬತ್ತರ ದಶಕದಿಂದಲೇ ಬಳಕೆಯಲ್ಲಿತ್ತು. ಯೊಕೊಯ್ 1997ರಲ್ಲೇ ಅಪಘಾತದಲ್ಲಿ ತೀರಿಕೊಂಡಿದ್ದರು. ಆದರೆ ಹಳತನ್ನು ಹೊಸ ಕೆಲಸಕ್ಕೆ ಹಚ್ಚುವ ಅವರ ತತ್ತ್ವ ಆ ರಿಮೋಟಿನೊಳಗೆ ಬದುಕಿತ್ತು.

ವೀ ಯಂತ್ರದ ಚಿತ್ರದಲ್ಲಿ ಎಚ್‌ಡಿ ಸ್ಪಷ್ಟತೆಯಿರಲಿಲ್ಲ. ಶಕ್ತಿಯಲ್ಲಿ ಎದುರಾಳಿಗಳ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಮೆರಿಕದಲ್ಲಿ ಅದರ ಬೆಲೆ ಸುಮಾರು 250 ಡಾಲರ್. ಅದೇ ತಿಂಗಳು ಬಂದ ಪ್ಲೇಸ್ಟೇಷನ್ 3ರ ಎರಡು ಮಾದರಿಗಳ ಬೆಲೆ 500 ಮತ್ತು 600 ಡಾಲರ್. ಜಪಾನಿನ ಹೊರಗೆ ಹೆಚ್ಚಿನ ಕಡೆ ಪೆಟ್ಟಿಗೆಯೊಳಗೇ ವೀ ಸ್ಪೋರ್ಟ್ಸ್ ಆಟವನ್ನು ಇಟ್ಟು ಕೊಟ್ಟರು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಬೌಲಿಂಗ್ ಪಂದ್ಯಗಳು ನಡೆದವು. ಆಸ್ಪತ್ರೆಗಳಲ್ಲಿ ಕೈಕಾಲು ಸ್ವಾಧೀನ ತಪ್ಪಿದವರ ವ್ಯಾಯಾಮಕ್ಕೆ ಬಳಸಿದರು. ನಿಂತು ಆಡುವ ಹಲಗೆ ಬಂದ ಮೇಲೆ ಮನೆಯ ಹೆಂಗಸರು ಅದರ ಮೇಲೆ ಯೋಗಾಸನ ಮಾಡಿದರು. ಮೂರು ಮೆಟ್ಟಿಲು ಇಳಿದು 2 ಕೋಟಿ 17 ಲಕ್ಷಕ್ಕೆ ಬಂದು ನಿಂತಿದ್ದ ಲೆಕ್ಕ ಒಂದೇ ನೆಗೆತಕ್ಕೆ 10 ಕೋಟಿ 16 ಲಕ್ಷಕ್ಕೆ ಏರಿತು. ಆ ತಲೆಮಾರಿನಲ್ಲಿ ಸೋನಿಯದ್ದು ಸುಮಾರು 8 ಕೋಟಿ 70 ಲಕ್ಷ, ಮೈಕ್ರೋಸಾಫ್ಟಿನದ್ದು ಸುಮಾರು 8 ಕೋಟಿ 40 ಲಕ್ಷ. ಸಿಂಹಾಸನ ಮರಳಿ ಸಿಕ್ಕಿತು.

ಇಲ್ಲಿಗೆ ಮುಗಿದಿದ್ದರೆ ಇದು ಮಾಮೂಲಿ ಯಶೋಗಾಥೆ. ಮುಂದಿನ ಭಾಗವೇ ಹೆಚ್ಚು ಕಲಿಸುತ್ತದೆ.

ಹೊಸದಾಗಿ ಬಂದವರು ಬಹಳ ದಿನ ನಿಲ್ಲಲಿಲ್ಲ. 2007ರಲ್ಲಿ ಐಫೋನ್, ಮರುವರ್ಷ ಅದರ ಆ್ಯಪ್ ಅಂಗಡಿ ಬಂದವು. ಹೊತ್ತು ಕಳೆಯಲು ಆಡುವವರಿಗೆ ಜೇಬಿನ ಫೋನೇ ಸಾಕಾಯಿತು. 2011ರ ಫೆಬ್ರವರಿಯಲ್ಲಿ 25,000 ಯೆನ್ನಿಗೆ ಬಂದ 3ಡಿಎಸ್ ಕೈಯಂತ್ರ ಎಣಿಸಿದಷ್ಟು ಮಾರಾಟವಾಗದೆ, ಆಗಸ್ಟಿನಲ್ಲೇ ಅದನ್ನು 15,000ಕ್ಕೆ ಇಳಿಸಬೇಕಾಯಿತು. 2012ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಪನಿ 4,300 ಕೋಟಿ ಯೆನ್ನಿಗೂ ಮಿಕ್ಕಿದ ನಷ್ಟ ತೋರಿಸಿತು. ಅದೇ ವರ್ಷದ ಕೊನೆಗೆ ಬಂದ ವೀ ಯು ಏನು, ಯಾರಿಗಾಗಿ ಎಂಬುದೇ ಜನಕ್ಕೆ ತಿಳಿಯಲಿಲ್ಲ. ಅದರ ಮಾರಾಟ ಬರೀ 1 ಕೋಟಿ 35 ಲಕ್ಷ. ಹಿಂದೆ ಯಾವ ಮೆಟ್ಟಿಲಿನಲ್ಲಿ ಬಿದ್ದಿದ್ದರೋ ಅದಕ್ಕಿಂತಲೂ ಕೆಳಕ್ಕೆ.

ಆಗ ಇವಾಟ ನಡೆದುಕೊಂಡ ರೀತಿಯನ್ನು ನಾನು ಗೌರವದಿಂದ ನೆನೆಯುತ್ತೇನೆ. 2011ರಲ್ಲಿ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. 2014ರಲ್ಲಿ ಮತ್ತೆ ಅದನ್ನೇ ಮಾಡಿದರು. ನೌಕರರನ್ನು ಕಡಿತ ಮಾಡಿ ಲೆಕ್ಕ ಸರಿಮಾಡಬಾರದೇ ಎಂದು ಷೇರುದಾರರು ಕೇಳಿದಾಗ, ನಾಳೆ ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯದಲ್ಲಿರುವವರು ಜನರ ಮನ ಮುಟ್ಟುವ ಆಟ ಮಾಡಲಾರರು ಎಂಬ ಅರ್ಥದ ಉತ್ತರ ಕೊಟ್ಟರು. ನಷ್ಟದ ವರ್ಷಗಳಲ್ಲೂ ತಂಡ ಚದುರಲಿಲ್ಲ. ಕೈಯಂತ್ರ ಮಾಡುವವರು, ಟೀವಿ ಯಂತ್ರ ಮಾಡುವವರು ಎಂದು ಬೇರೆ ಬೇರೆ ಇದ್ದ ಎಂಜಿನಿಯರುಗಳನ್ನು 2013ರಲ್ಲಿ ಒಂದೇ ವಿಭಾಗಕ್ಕೆ ಸೇರಿಸಿದರು.

ಆ ಕೂಡುವಿಕೆಯಿಂದ ಹುಟ್ಟಿದ್ದೇ ಸ್ವಿಚ್. ಮನೆಯಲ್ಲಿ ಟೀವಿಗೆ ಜೋಡಿಸಿ ಆಡಬಹುದು, ಹೊರಡುವಾಗ ಎತ್ತಿಕೊಂಡು ಬಸ್ಸಿನಲ್ಲೂ ಆಡಬಹುದು, ಹಿಡಿಗೋಲನ್ನು ಎರಡಾಗಿ ಬಿಡಿಸಿ ಒಂದನ್ನು ಪಕ್ಕದವರಿಗೆ ಕೊಡಬಹುದು. ಅದರ ಎನ್ವಿಡಿಯಾ ಚಿಪ್ಪಿನ ಬಗೆಯೂ ಅಷ್ಟೇ, ಟ್ಯಾಬ್ಲೆಟ್‌ಗಳಲ್ಲಿ ಆಗಲೇ ಪಳಗಿದ್ದು. 2017ರ ಮಾರ್ಚ್ 3ರಂದು ಅದು ಮಾರುಕಟ್ಟೆಗೆ ಬಂದಾಗ ನೋಡಲು ಇವಾಟ ಇರಲಿಲ್ಲ. 2015ರ ಜುಲೈ 11ರಂದು, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದರು. ಸ್ವಿಚ್ ಮಾರಾಟ 15 ಕೋಟಿ ದಾಟಿತು. 2025ರ ಜೂನ್ 5ರಂದು ಬಂದ ಸ್ವಿಚ್ 2 ಮೊದಲ ನಾಲ್ಕೇ ದಿನಕ್ಕೆ 35 ಲಕ್ಷಕ್ಕೂ ಹೆಚ್ಚು ಹೋಯಿತು.

ಸೋನಿ ಇದರಿಂದ ನೆಲಕಚ್ಚಿತು ಎಂದು ತಿಳಿಯಬಾರದು. ಅದು ಇವತ್ತಿಗೂ ದೊಡ್ಡ ಶಕ್ತಿ, ಬಲಿಷ್ಠ ಯಂತ್ರ ಬಯಸುವವರು ಅದರ ಕಡೆಗೇ ಇದ್ದಾರೆ. ನಿಂಟೆಂಡೊ ಮರಳಿ ಬಂದದ್ದು ಇನ್ನೊಬ್ಬರ ಗಿರಾಕಿಯನ್ನು ಕಿತ್ತುಕೊಂಡಲ್ಲ, ಯಾರ ಗಿರಾಕಿಯೂ ಅಲ್ಲದವರನ್ನು ಕರೆತಂದು. ವೀ ಕಾಲದ ಗೆಲುವು ಬೇಗ ಆರಿತು, ಏಕೆಂದರೆ ಬಂದವರನ್ನು ಉಳಿಸಿಕೊಳ್ಳುವ ಎರಡನೆಯ ಆಟ ಸಿದ್ಧವಿರಲಿಲ್ಲ. ಸ್ವಿಚ್ ಗೆಲುವು ಬಾಳಿತು, ಏಕೆಂದರೆ ಸೋತ ವರ್ಷಗಳಲ್ಲಿ ಕೆಲಸ ಬಲ್ಲ ಕೈಗಳನ್ನು ಉಳಿಸಿಕೊಂಡಿದ್ದರು. ಹೊಸಬರನ್ನು ಕರೆಯುವ ಬುದ್ಧಿ, ತನ್ನವರನ್ನು ಬಿಟ್ಟುಕೊಡದ ನಿಷ್ಠೆ ಇವೆರಡೂ ಸೇರಿದರೇ ಮರಳಿ ಪಡೆದದ್ದು ನಿಲ್ಲುತ್ತದೆ. ಇಷ್ಟು ಹೇಳಲೆಂದೇ ನಾನು ಈ ಕಥೆ ಎತ್ತಿಕೊಂಡದ್ದು.

ಇದು ನಮಗೆ ದೂರದ ಸಂಗತಿಯೂ ಅಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ನಮ್ಮ ದೇಶದ ಮೊದಮೊದಲ ವಿಡಿಯೋ ಗೇಮ್ ಕಂಪನಿಗಳಲ್ಲೊಂದು. ಮೈಕ್ರೋಸಾಫ್ಟಿನ ಹೆಸರಾಂತ ಕಾರಿನ ಆಟ ಫೋರ್ಜಾಕ್ಕೂ ಅಲ್ಲಿಯ ಕಲಾವಿದರು ದುಡಿದಿದ್ದಾರೆ. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡು ತನ್ನ ಬೆಂಗಳೂರು ಶಾಖೆಯಲ್ಲಿ ಸೇರಿಸಿಕೊಂಡಿತು. 2012ರಷ್ಟು ಹಿಂದೆಯೇ ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಕೈ ನಮ್ಮದಿದೆ, ಕಸುಬು ಬಂದಿದೆ. ಆಟ ಯಾರಿಗಾಗಿ ಎಂದು ತೀರ್ಮಾನಿಸುವವರು ಮಾತ್ರ ಇನ್ನೂ ಹೊರಗಿನವರು.

ಇನ್ನೊಂದು ಕಡೆ, ನಮ್ಮ ಹಳ್ಳಿಗಳಿಗೆ ಫೋನಿನ ಮೂಲಕ ಹಣ ಕಟ್ಟಿ ಆಡುವ ಆಟಗಳು ನುಗ್ಗಿದವು. ಎಷ್ಟೋ ಮನೆಗಳಲ್ಲಿ ಕಣ್ಣೀರು ಹಾಕಿಸಿದ ಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ಅವನ್ನು ನಿಷೇಧಿಸಿತು. ಜೂಜಿನ ಎಲೆ ಮಾಡುತ್ತಿದ್ದ ಕ್ಯೋಟೋದ ಅಂಗಡಿ ಮನೆಮಂದಿಯೆಲ್ಲ ಕೂಡಿ ಆಡುವ ಆಟದ ಕಡೆ ಬಂತು. ನಾವು ಅದರ ಎದುರು ದಿಕ್ಕಿನಲ್ಲಿ ನಡೆಯುವುದು ಬೇಡ.

ನಮ್ಮ ತಾಲ್ಲೂಕುಗಳಿಂದ ಓದಿ ಬೆಂಗಳೂರಿಗೆ ಹೋಗಿ ಕೋಡ್ ಬರೆಯುವ, ಚಿತ್ರ ಬಿಡಿಸುವ ಯುವಕ ಯುವತಿಯರಿಗೆ ನನ್ನದೊಂದು ಕೋರಿಕೆ. ಜಗತ್ತಿನ ದೊಡ್ಡ ಆಟಗಳ ಜೊತೆ ಚಿತ್ರದ ಹೊಳಪಿನಲ್ಲಿ ಪೈಪೋಟಿಗೆ ಇಳಿಯುವ ಅವಸರ ಬೇಡ. ಇಂಗ್ಲಿಷ್ ಓದಲು ಬಾರದೆಂಬ ಒಂದೇ ಕಾರಣಕ್ಕೆ ಆಟದಿಂದ ಹೊರಗುಳಿದ ಅಜ್ಜಿಯನ್ನು, ಕಣ್ಣು ಕಾಣದ ಹುಡುಗನನ್ನು, ಕೈ ಸ್ವಾಧೀನ ತಪ್ಪಿದವರನ್ನು ಮೊದಲು ಎಣಿಕೆಗೆ ತಂದುಕೊಳ್ಳಿ. ಕೈಯಲ್ಲಿರುವ ಸಾಧಾರಣ ಫೋನೇ ಅದಕ್ಕೆ ಸಾಕು, ಚಲನೆ ಅಳೆಯುವ ಆ ಚಿಪ್ಪು ಅದರೊಳಗೆ ಈಗಾಗಲೇ ಇದೆ. ಚೌಕಾಬಾರವನ್ನೂ ಅಳಿಗುಳಿಮಣೆಯನ್ನೂ ಕನ್ನಡದಲ್ಲಿ ಮಾತಾಡಿಸಿ, ಕಿವಿಯಿಂದಲೇ ಆಡುವಂತೆ ಮಾಡಿ. ಅಂಥವರು ಆಡತೊಡಗಿದ ದಿನ ಕನ್ನಡದ ಆಟಕ್ಕೆ ತನ್ನದೇ ನೆಲ ಸಿಕ್ಕಿತೆಂದು ತಿಳಿಯಿರಿ.